ಎಂಟು ಅಡಿ ಹಾಸು

"ಲೋಡ್ ಏನು?" ಎಂದು ಮೂರನೆಯ ಅಂಗಡಿಯವನೂ ಅದನ್ನೇ ಕೇಳಿದ.

"ಬ್ಯಾಟರಿ," ಎಂದ ತೂಕದಣ್ಣ. "ಇನ್ವರ್ಟರ್ ಬ್ಯಾಟರಿ. ಹೊಸದು ಕೊಟ್ಟು ಹಳೇದು ತರೋದು."

"ಹಾಗಾದ್ರೆ ಯೋಚನೆ ಮಾಡೋದೇ ಬೇಡ. ಪಿಕಪ್ಪಿನ ನೆಲಕ್ಕೆ ರಬ್ಬರ್ ಹಾಸು ಹಾಕ್ಸಿ. ಬ್ರೇಕ್ ಹಾಕಿ, ಗುಂಡಿಗೆ ಇಳಿಸಿ, ಇಟ್ಟ ಬ್ಯಾಟರಿ ಇಟ್ಟಲ್ಲಿಂದ ಒಂದು ನೂಲು ಅಲ್ಲಾಡಲ್ಲ."

"ಅದೇ ಬೇಡ."

"ಯಾವುದು ಬೇಡ?"

"ಅಲ್ಲಾಡದೇ ಇರೋದು."

ಅಂಗಡಿಯವನು ಇವನ ಮುಖವನ್ನೊಮ್ಮೆ, ಹೊರಗೆ ನಿಂತಿದ್ದ ಬಿಳಿ ಪಿಕಪ್ಪನ್ನೊಮ್ಮೆ ನೋಡಿದ. ಬ್ಯಾಟರಿ ಅಲ್ಲಾಡಬೇಕು ಎಂದು ಕೇಳಿಕೊಂಡು ಬಂದ ಗಿರಾಕಿಯನ್ನು ಅವನು ಇಷ್ಟು ವರ್ಷದಲ್ಲಿ ಕಂಡಿರಲಿಲ್ಲ. "ಯಾಕೆ ಅಂತ ಕೇಳಬಹುದಾ?" ಎಂದ.

ಕೇಳಬಹುದಿತ್ತು, ಆದರೆ ಹೇಳುವಂತಿರಲಿಲ್ಲ. ತೂಕದಣ್ಣ ತನ್ನ ಹಳೆಯ ಕಾರ್ ಬ್ಯಾಟರಿಯನ್ನು ಹಗ್ಗ ಹಿಡಿದು ಎಡಗೈಯಲ್ಲಿ ಎಳೆದುಕೊಂಡು ಹೊರಗೆ ಬಂದ. ಹದಿನಾಲ್ಕು ಕಿಲೋದ ಆ ಸತ್ತ ಬ್ಯಾಟರಿಯನ್ನು ಅವನು ಮೂರು ದಿನದಿಂದ ಅಂಗಡಿಯಿಂದ ಅಂಗಡಿಗೆ ಕೊಂಡೊಯ್ಯುತ್ತಿದ್ದ. ತೋರಿಸಿದ ಪ್ರತಿ ಮಾದರಿಯ ಮೇಲೂ ಅದನ್ನಿಟ್ಟು ಎಳೆದು ನೋಡುತ್ತಿದ್ದ. ಎಲ್ಲಿ ನೋಡಿದರೂ ಅದು ಬೇರು ಬಿಟ್ಟಂತೆ ಕೂರುತ್ತಿತ್ತು, ಅಂಗಡಿಯವರು ಹೆಮ್ಮೆಯಿಂದ ನಗುತ್ತಿದ್ದರು, ಇವನಿಗೆ ಮೈಯೆಲ್ಲ ಉರಿಯುತ್ತಿತ್ತು.

ತೂಕದಣ್ಣ ಎಂಬ ಹೆಸರು ಅವನಿಗೆ ಬಂದು ಹದಿನೈದು ವರ್ಷವಾಗಿತ್ತು. ಬ್ಯಾಟರಿಯ ಎರಡು ಹಗ್ಗದ ಹಿಡಿಗಳನ್ನು ಹಿಡಿದು ಸೊಂಟದ ಮಟ್ಟಕ್ಕೆ ಎತ್ತಿ, ಒಂದು ಕ್ಷಣ ನಿಂತು, "ಐವತ್ತೆಂಟೂವರೆ" ಎನ್ನುತ್ತಿದ್ದ. ತಕ್ಕಡಿಗೆ ಹಾಕಿದರೆ ಅರ್ಧ ಕಿಲೋಗಿಂತ ಹೆಚ್ಚು ತಪ್ಪುತ್ತಿರಲಿಲ್ಲ. "ಇದಕ್ಕೆ ನೀರು ಕಮ್ಮಿಯಾಗಿದೆ" ಎಂಬುದನ್ನೂ ಮುಚ್ಚಳ ತೆಗೆಯದೆ ಹೇಳುತ್ತಿದ್ದ. ಪಕ್ಕದ ಅಂಗಡಿಯವರು ಪರೀಕ್ಷೆ ಮಾಡಲೆಂದೇ ಮೂಟೆ, ಮೋಟಾರು, ಏನೇನೋ ತಂದು ಎತ್ತಿಸಿ, ಸೋತು, ಟೀ ಕುಡಿಸಿ ಹೋಗುತ್ತಿದ್ದರು.

ಏಳು ತಿಂಗಳ ಹಿಂದೆ ಒಂದು ಮನೆಯ ಮೆಟ್ಟಿಲಲ್ಲಿ ಬಲಭುಜದೊಳಗೆ ಏನೋ ಪಟ್ಟೆಂದಿತು. ಹಗ್ಗದ ಎಳೆಗಳು ಒಂದೊಂದಾಗಿ ಬಿಟ್ಟುಕೊಳ್ಳುತ್ತವಲ್ಲ, ಹಾಗಾಗಿದೆ, ಎಂದರು ಡಾಕ್ಟರು. ಐದು ಕಿಲೋ ಮೇಲೆ ಎತ್ತುವಂತಿಲ್ಲ. ಅವನ ಊಟದ ಡಬ್ಬಿ, ನೀರಿನ ಬಾಟಲಿ, ಸಲಕರಣೆ ಚೀಲ ಸೇರಿದರೇ ನಾಲ್ಕಾಗುತ್ತಿತ್ತು.

ಈ ವಿಷಯ ಗೊತ್ತಿದ್ದದ್ದು ಡಾಕ್ಟರಿಗೆ ಮತ್ತು ಹೆಂಡತಿಗೆ. ಗೊತ್ತಾಗಬಾರದಿದ್ದದ್ದು ಭಾವನಿಗೆ. ಭಾವ ಎಂದರೆ ಹೆಂಡತಿಯ ಅಣ್ಣ, ಬ್ಯಾಟರಿ ಅಂಗಡಿಯ ಯಜಮಾನ. ಗಾಡಿ ತೂಕದಣ್ಣನದೇ ಆದರೂ ಗಾಡಿಗೆ ಕೆಲಸ ಕೊಡುವವನು ಭಾವನೇ. ನಾಲ್ಕು ವರ್ಷದ ಹಿಂದೆ ಅಂಗಡಿಯ ಇನ್ನೊಬ್ಬ ಗಾಡಿಯವನಿಗೆ ಸೊಂಟ ಹಿಡಿದುಕೊಂಡಾಗ ಭಾವ ಒಂದೇ ಮಾತಿನಲ್ಲಿ ಮುಗಿಸಿದ್ದ: "ಎತ್ತೋಕಾಗದವನಿಗೆ ಬ್ಯಾಟರಿ ಅಂಗಡೀಲಿ ಏನು ಕೆಲಸ?" ಆ ಮಾತು ಹೇಳುವಾಗ ತೂಕದಣ್ಣ ಪಕ್ಕದಲ್ಲೇ ನಿಂತಿದ್ದ. ತಲೆಯನ್ನೂ ಆಡಿಸಿದ್ದ.

ಹಾಗಾಗಿ ಏಳು ತಿಂಗಳಿಂದ ಅವನು ಒಂದು ಬ್ಯಾಟರಿಯನ್ನೂ ಎತ್ತಿರಲಿಲ್ಲ, ಎಳೆದಿದ್ದ. ಅಂಗಡಿಯ ಹಿಂದಿನ ಕಟ್ಟೆ ಗಾಡಿಯ ನೆಲದಷ್ಟೇ ಎತ್ತರವಿತ್ತು. ಅಲ್ಲಿಂದ ಒಳಕ್ಕೆ ತಳ್ಳಿದರೆ ಆಯಿತು. ಆಮೇಲೆ ಗಾಡಿಯೊಳಗೆ ಕೂತು, ಬೆನ್ನನ್ನು ಪಕ್ಕದ ಗೋಡೆಗೆ ಕೊಟ್ಟು, ಕಾಲಿನಲ್ಲಿ ಒತ್ತಿ ಸಾಲು ಮಾಡುತ್ತಿದ್ದ. ಗಿರಾಕಿಯ ಮನೆಯ ಮುಂದೆ ಹಿಂಬಾಗಿಲಿನಿಂದ ನೆಲಕ್ಕೆ ಏಳಡಿಯ ಹಲಗೆ ಇಳಿಬಿಡುತ್ತಿದ್ದ. ಹಲಗೆಗೆ ಮೇಣ ಉಜ್ಜಿರುತ್ತಿದ್ದ. ಕೆಳಗೆ ನಾಲ್ಕಿಂಚು ಎತ್ತರದ ತಳ್ಳುಗಾಡಿ. ಎಡಗೈಯಲ್ಲಿ ಹಗ್ಗ ಹಿಡಿದು ಸಡಿಲಿಸಿದರೆ ಐವತ್ತೆಂಟು ಕಿಲೋ ಮಗುವಿನ ಹಾಗೆ ಇಳಿದು ಬರುತ್ತಿತ್ತು. ಹಳೆಯದನ್ನು ಅದೇ ಹಲಗೆಯ ಮೇಲೆ ಹಗ್ಗ ಹಿಡಿದು ಒಳಕ್ಕೆ ಎಳೆದುಕೊಳ್ಳುತ್ತಿದ್ದ. ಇಷ್ಟೆಲ್ಲ ನಡೆಯುತ್ತಿದ್ದದ್ದು ಒಂದೇ ಕಾರಣಕ್ಕೆ: ಗಾಡಿಯ ನೆಲ ಬರಿಯ ತಗಡು, ತಗಡು ನುಣುಪು.

ಆ ತಗಡೇ ಕೈಕೊಟ್ಟಿತು. ಹಳೆಯ ಬ್ಯಾಟರಿಗಳಿಂದ ತೊಟ್ಟಿಕ್ಕಿದ ಆಸಿಡ್ ನೆಲವನ್ನು ಹಪ್ಪಳ ಮಾಡಿತ್ತು. ಒಂದು ತಿರುವಿನಲ್ಲಿ ಬ್ಯಾಟರಿಯ ಮೂಲೆ ನೆಲ ತೂತುಮಾಡಿ ರಸ್ತೆಯನ್ನು ಇಣುಕಿ ನೋಡಿತು. ಆ ಗಾಡಿ ಗುಜರಿಗೆ ಹೋಯಿತು, ಈ ಬಿಳಿ ಪಿಕಪ್ ಬಂತು. ಇದನ್ನು ನೋಡಲು ಬಂದ ಭಾವ ಹಿಂಬಾಗಿಲು ತೆಗೆದು, ಬಣ್ಣ ಮಾಸದ ನೆಲದ ಮೇಲೆ ಬೆರಳಾಡಿಸಿ, "ಸೋಮವಾರದೊಳಗೆ ಇದಕ್ಕೊಂದು ಹಾಸು ಬೀಳಬೇಕು. ಇಲ್ಲದಿದ್ರೆ ನನ್ನ ಒಂದು ಬ್ಯಾಟರಿಯೂ ಹತ್ತಲ್ಲ," ಎಂದ.

ಭಾವ ಹೇಳಿದ್ದು ಸರಿಯಾಗಿಯೇ ಇತ್ತು. ತೂಕದಣ್ಣನಿಗೆ ಸಿಟ್ಟು ಬಂದದ್ದು ಅದಕ್ಕೇ.

ಮೂರನೆಯ ಅಂಗಡಿಯಿಂದ ಮನೆಗೆ ಬಂದಾಗ ಹೆಂಡತಿ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಅವನು ಎಡತೋಳನ್ನು ಮೊದಲು ಬಿಡಿಸಿಕೊಂಡು, ಆಮೇಲೆ ಅಂಗಿಯನ್ನು ಬಲತೋಳಿನಿಂದ ಸಿಪ್ಪೆಯಂತೆ ಕಳಚುವುದನ್ನು ತಿರುಗಿ ನೋಡದೆಯೇ ನೋಡಿದಳು.

"ಹಾಸು ಸಿಕ್ತಾ?"

"ಎಲ್ಲರಿಗೂ ರಬ್ಬರಿನ ಹುಚ್ಚು ಹಿಡಿದಿದೆ."

"ಅಣ್ಣನಿಗೆ ಹೇಳಿಬಿಡಿ ಅಂದ್ರೆ ಕೇಳಲ್ಲ ನೀವು."

"ಹೇಳಿ ಏನು ಮಾಡ್ಲಿ? ನಿಮ್ಮಣ್ಣ ಹಾರ ಹಾಕ್ತಾನಾ?"

"ಬೈತಾನೆ. ನಾಲ್ಕು ದಿನ ಮಾತು ಬಿಡ್ತಾನೆ. ಐದನೇ ದಿನ ಊಟಕ್ಕೆ ಬರ್ತಾನೆ."

"ಮನೇಲಿ ಬರ್ತಾನೆ. ಅಂಗಡಿ ಬೇರೆ."

ಇದು ಅವಳಿಗೂ ಗೊತ್ತಿತ್ತು. ಅವಳಣ್ಣ ತಂಗಿಯ ಮನೆಗೆ ಬಂದಾಗ ಇವನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದ: ನೀವು ಕೂತ್ಕೊಳ್ಳಿ, ನೀವು ಮೊದಲು ಬಡಿಸ್ಕೊಳ್ಳಿ. ಅದೇ ಮನುಷ್ಯ ಅಂಗಡಿಯ ಹೊಸ್ತಿಲು ದಾಟಿದ ಕೂಡಲೇ "ಏಯ್, ಎಲ್ಲಿ ಹೋಗಿದ್ದೆ ನೀನು?" ಬೇಸಾಯದ ಎತ್ತಿಗೂ ಮದುವೆಯ ಗಂಡಿಗೂ ಬೇರೆ ಬೇರೆ ಮಾತು ಎನ್ನುವ ಹಾಗೆ. ತೂಕದಣ್ಣನಿಗೆ ಇದರಲ್ಲಿ ತಕರಾರಿರಲಿಲ್ಲ. ಎರಡು ಲೆಕ್ಕ ಬೆರೆಸದಿರುವುದು ಅವನಿಗೂ ಅನುಕೂಲವೇ ಆಗಿತ್ತು.

"ಒಂದು ಹಾಸಿಗೆ ಆರಿಸೋದಕ್ಕೆ ನಮ್ಮ ಮದುವೇಲೂ ಇಷ್ಟು ಅಂಗಡಿ ಹತ್ತಿರಲಿಲ್ಲ ನೀವು," ಎಂದಳು ಅವಳು. ಅವನು ನಗಲಿಲ್ಲ.

ಮರುದಿನ ಲೇಪ ಸಿಂಪಡಿಸುವವನೊಬ್ಬನ ಶೆಡ್ಡಿಗೆ ಹೋದ. ಅಲ್ಲಿ ನೆಲಕ್ಕೆ ಬಿಸಿಬಿಸಿ ಕಪ್ಪು ಲೇಪ ಸಿಂಪಡಿಸುತ್ತಾರೆ, ಅದು ತಗಡಿಗೆ ಚರ್ಮದ ಹಾಗೆ ಅಂಟಿಕೊಳ್ಳುತ್ತದೆ, ಆಸಿಡ್ಡಿಗೂ ಜಗ್ಗುವುದಿಲ್ಲ, ಕೆಳಗೆ ನೀರು ಇಳಿಯುವ ಪ್ರಶ್ನೆಯೇ ಇಲ್ಲ. ಕೇಳಿ ತೂಕದಣ್ಣನಿಗೆ ಜೀವ ಬಂತು. ಮಾದರಿಯ ಹಲಗೆ ಮುಟ್ಟಿದರೆ ಉಪ್ಪುಕಾಗದ. ಸತ್ತ ಬ್ಯಾಟರಿಯನ್ನಿಟ್ಟು ಎಳೆದ. ಬ್ಯಾಟರಿ ಬರಲಿಲ್ಲ, ಹಲಗೆಯೇ ಮೇಜಿನಿಂದ ಎದ್ದು ಬಂತು.

"ನೋಡಿದ್ರಾ ಹಿಡಿತ?" ಎಂದ ಸಿಂಪಡಿಸುವವನು. "ಇದರ ಮೇಲೆ ಬೆಣ್ಣೇನೂ ಜಾರಲ್ಲ."

"ನುಣುಪಾಗಿ ಸಿಂಪಡಿಸೋಕಾಗಲ್ವಾ?"

"ನುಣುಪು ಬೇಕಿದ್ರೆ ಸಿಂಪಡಿಸೋದು ಯಾಕಣ್ಣ, ಹಾಗೇ ಬಿಡಿ."

ಅದರ ಮುಂದಿನ ಬೀದಿಯಲ್ಲಿ ಅವನಿಗೆ ಬೇಕಾದದ್ದು ಸಿಕ್ಕಿತು, ಒಂದು ಗಂಟೆಯ ಮಟ್ಟಿಗೆ. ಅಚ್ಚಿನಲ್ಲಿ ಎರಕ ಹೊಯ್ದ ದಪ್ಪ ಪ್ಲಾಸ್ಟಿಕ್ಕಿನ ತೊಟ್ಟಿ; ಹಾಗೇ ಎತ್ತಿ ಪಿಕಪ್ಪಿನ ಹೊಟ್ಟೆಯೊಳಗೆ ಕೂರಿಸುವುದು. ಬ್ಯಾಟರಿ ಬೆರಳು ತಾಗಿಸಿದರೆ ಹೊರಡುತ್ತಿತ್ತು. ಅವನು ಅದನ್ನು ಆ ತುದಿಯಿಂದ ಈ ತುದಿಗೆ ನಾಲ್ಕು ಸಲ ಓಡಿಸಿದ. ಏಳು ತಿಂಗಳಲ್ಲಿ ಇಷ್ಟು ಖುಷಿಯಾಗಿರಲಿಲ್ಲ. ಫೋಟೋ ತೆಗೆದು ಭಾವನಿಗೆ ಕಳಿಸಿದ. ಅದೇ ತಪ್ಪಾಯಿತು.

ಭಾವ ಕೂಡಲೇ ಫೋನು ಮಾಡಿದ. "ಇದೇನು, ಮಕ್ಕಳ ಜಾರುಬಂಡೆಯಾ?"

"ಗಟ್ಟಿ ಇದೆ ಭಾವ. ಆಸಿಡ್ ತಡೆಯುತ್ತೆ."

"ತಿರುವಿನಲ್ಲಿ ಹತ್ತು ಬ್ಯಾಟರಿ ಒಂದೇ ಮಗ್ಗುಲಿಗೆ ಹೋಗಿ ಬಿದ್ರೆ? ಆರುನೂರು ಕಿಲೋ. ನಿನ್ನ ಗಾಡಿ ಮಗುಚಿಕೊಳ್ಳುತ್ತೆ."

"ಹಗ್ಗ ಬಿಗೀತೀನಿ."

"ಮೂರು ಇಳಿಸಿದ ಮೇಲೆ ಹಗ್ಗ ಸಡಿಲ ಆಗಲ್ವಾ? ಪ್ರತಿ ಮನೆ ಮುಂದೆ ಬಿಗೀತಾ ಕೂತ್ಕೋತೀಯಾ? ಅದೂ ಅಲ್ದೆ ತೊಟ್ಟಿ ಅಡಿಗೆ ಆಸಿಡ್ ಇಳಿದ್ರೆ ಕಾಣ್ಸೋದೂ ಇಲ್ಲ. ಹೋದ ಗಾಡಿ ಮರೆತೋಯ್ತಾ? ರಬ್ಬರ್ ಹಾಕ್ಸು ಅಂದ್ರೆ ಹಾಕ್ಸು. ನಿನಗೆ ರಬ್ಬರ್ ಮೇಲೆ ಏನು ದ್ವೇಷ?"

ಇದಕ್ಕೆ ಉತ್ತರ ಕೊಟ್ಟರೆ ಎಲ್ಲ ಹೇಳಿದ ಹಾಗೆ. ತೂಕದಣ್ಣ "ದ್ವೇಷ ಏನಿಲ್ಲ" ಎಂದ. ಭಾವ ಹೇಳಿದ ಒಂದೊಂದು ಮಾತೂ ನಿಜ. ಓಡುವ ಗಾಡಿಯಲ್ಲಿ ಬ್ಯಾಟರಿ ಕದಲಬಾರದು. ನಿಂತ ಗಾಡಿಯಲ್ಲಿ ಅದು ಕದಲಲೇಬೇಕು. ನೆಲ ಒಂದೇ. ಒಂದೇ ನೆಲ ಹಿಡಿಯಲೂಬೇಕು, ಬಿಡಲೂಬೇಕು. ಇಂಥ ಹಾಸನ್ನು ಯಾವ ಅಂಗಡಿಯಲ್ಲಿ ಏನೆಂದು ಕೇಳುವುದು?

ಶನಿವಾರ ಮಧ್ಯಾಹ್ನ ಗಾಡಿಯೊಳಗೆ ಕೂತು ಊಟದ ಡಬ್ಬಿ ತೆರೆದಾಗ ಅವನಿಗೊಂದು ಉಪಾಯ ಹೊಳೆಯಿತು. ಭಾವನ ಕಣ್ಣಿಗೆ ರಬ್ಬರ್ ಹಾಸಿಬಿಡುವುದು. ಒಂದು ನುಣುಪು ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿ ಸೀಟಿನ ಹಿಂದೆ ಇಟ್ಟುಕೊಳ್ಳುವುದು. ಲೋಡು ಮಾಡುವಾಗ ಯಾರೂ ಇಲ್ಲದಿದ್ದರೆ ಹಾಸುವುದು, ಇದ್ದರೆ, ಇದ್ದರೆ ಆಗ ನೋಡಿಕೊಳ್ಳುವುದು. ಉಪಾಯದಲ್ಲಿ ತೂತುಗಳಿದ್ದವು. ಆದರೆ ನಾಲ್ಕು ದಿನ ಅಲೆದವನಿಗೆ ತೂತಿನ ಉಪಾಯವೂ ಉಪಾಯವೇ. ಡಬ್ಬಿ ಮುಚ್ಚುವ ಮೊದಲೇ ರಬ್ಬರ್ ಅಂಗಡಿಗೆ ಫೋನು ಮಾಡಿದ. ಗಾಡಿಯ ನೆಲ ಎಂಟಡಿ ಉದ್ದ, ಐದಡಿ ಅಗಲ. ರಬ್ಬರಿನ ಸುರುಳಿ ಐದಡಿ ಅಗಲದ್ದೇ ಬರುತ್ತದೆಂದು ಕೇಳಿದ್ದ. ಉದ್ದ ಹೇಳಿದರೆ ಸಾಕು.

ಅಂಗಡಿಯಾಕೆ ಎತ್ತಿದಳು. ಹಿಂದೆ ಯಾವುದೋ ಯಂತ್ರ ಕೊರೆಯುವ ಸದ್ದು.

"ಎಂಟು ಅಡಿ ಹಾಸು ಬೇಕಿತ್ತು," ಎಂದ.

"ಅಡಿಹಾಸಾ?"

"ಹೌದಮ್ಮ, ಹಾಸು. ರಬ್ಬರಿಂದು."

"ಎಷ್ಟು ಅಂದ್ರಿ, ಎಂಟಾ?"

"ಎಂಟು."

"ದಪ್ಪದ್ದಾ, ತೆಳೂದಾ?"

"ದಪ್ಪದ್ದೇ. ಭಾರದ ಸಾಮಾನು."

"ಆಯ್ತು. ಸೋಮವಾರ ಬೆಳಿಗ್ಗೆ ಕಳಿಸ್ತೀನಿ, ವಿಳಾಸ ಹೇಳಿ."

ಭಾವನ ಅಂಗಡಿಯ ವಿಳಾಸ ಹೇಳಿ ಫೋನು ಇಟ್ಟ. ಈ ವಾರದಲ್ಲಿ ಯಾರಾದರೂ ಯಾಕೆ, ಏನು ಎಂದು ಕೇಳದೆ ಒಪ್ಪಿದ್ದು ಇದೇ ಮೊದಲು. ಅದೇ ಅವನಿಗೆ ಅನುಮಾನ ಬರಿಸಬೇಕಿತ್ತು.

ಸೋಮವಾರ ಬೆಳಿಗ್ಗೆ ಅಂಗಡಿಯ ಹಿಂದಿನ ಕಟ್ಟೆಗೆ ಪಿಕಪ್ಪನ್ನು ಒಪ್ಪವಾಗಿ ಹಿಮ್ಮೆಟ್ಟಿಸಿ ನಿಲ್ಲಿಸಿ, ಟೀ ಕುಡಿದು ಬರುವಷ್ಟರಲ್ಲಿ ರಬ್ಬರ್ ಬಂದಿತ್ತು, ಭಾವ ಅದನ್ನು ಹಾಸಿ ಗಾಡಿಯೊಳಗೆ ನಿಂತಿದ್ದ. ಒಳ್ಳೆಯ ಹುಮ್ಮಸ್ಸಿನಲ್ಲಿದ್ದ. ಕಟ್ಟೆಯ ಮೇಲೆ ಕಾಯುತ್ತಿದ್ದ ಇಬ್ಬರು ಗಿರಾಕಿಗಳು ನೋಡುತ್ತಿದ್ದರು.

"ಬಾರೋ," ಎಂದ ಭಾವ. "ಎಂಟಡಿ ಉದ್ದದ ಒಂದು ಹಾಸು ತರಿಸೋದು ಬಿಟ್ಟು ಎಂಟು ಹಾಸು ತರ್ಸಿದ್ದೀಯಲ್ಲ, ಇದ್ಯಾವ ಲೆಕ್ಕ?"

ತೂಕದಣ್ಣ ನೋಡಿದ. ಎರಡೂವರೆ ಅಡಿಗೆ ಎರಡಡಿಯ ಎಂಟು ದಪ್ಪ ರಬ್ಬರ್ ತುಂಡುಗಳು. ಬಟ್ಟೆ ಒಗೆಯುವ ಯಂತ್ರ ಅದುರದಿರಲಿ ಎಂದು ಅದರ ಅಡಿಗೆ ಇಡುತ್ತಾರಲ್ಲ, ಅವು. ಮೇಲೆಲ್ಲ ಗುಬುಟು ಗುಬುಟು. ಅಡಿ ಎಂದರೆ ಅಳತೆಯೂ ಹೌದು, ಕೆಳಗೂ ಹೌದು. ಅವನು ಒಂದನ್ನು ಹೇಳಿದ್ದ, ಅವಳು ಇನ್ನೊಂದನ್ನು ಕೇಳಿಸಿಕೊಂಡಿದ್ದಳು.

"ಆಕೆಗೆ ಫೋನು ಮಾಡಿ ಬೈದಿದ್ದೀನಿ, ಬರ್ತಾಳೆ," ಎಂದ ಭಾವ. "ಆದ್ರೆ ನೋಡು, ಸಾಲಾಗಿ ಜೋಡಿಸಿದ್ರೆ ಕರಾರುವಾಕ್ಕು ಕೂತಿದೆ. ತಪ್ಪಿ ಸರಿ ಮಾಡಿದ್ದೀಯ." ಕಟ್ಟೆಯ ಮೇಲಿದ್ದ ಒಂದು ದೊಡ್ಡ ಬ್ಯಾಟರಿಯನ್ನು ಭಾವ ಮತ್ತು ಒಬ್ಬ ಗಿರಾಕಿ ಸೇರಿ ತಂದು ನಡುವಿನ ತುಂಡಿನ ಮೇಲೆ ಕೂರಿಸಿದರು. ಭಾವ ಅದಕ್ಕೆ ಕಾಲು ಕೊಟ್ಟು ಒತ್ತಿದ. "ಜರುಗುತ್ತಾ? ಇದು ಹಾಸು ಅಂದ್ರೆ. ಬಾ, ಇಳಿಸು ಅದನ್ನ. ಎಷ್ಟು ತೂಕ ಅಂತ ಇವರಿಗೂ ಹೇಳು."

ಗಿರಾಕಿಯೊಬ್ಬ ಮುಂದೆ ಬಗ್ಗಿದ. "ಇವರೇನಾ ಅದು? ಕೈಯಲ್ಲೇ ತೂಗ್ತಾರಂತಲ್ಲ."

ತೂಕದಣ್ಣ ಗಾಡಿಗೆ ಹತ್ತಿದ. ಎಡಗೈಯಲ್ಲಿ ಹಿಡಿ ಹಿಡಿದು ಎಳೆದ. ಬ್ಯಾಟರಿ ಕದಲಲಿಲ್ಲ. ಕೂತು ಕಾಲು ಕೊಟ್ಟ. ಗುಬುಟುಗಳು ಅದರ ತಳವನ್ನು ಹಲ್ಲಿನಂತೆ ಕಚ್ಚಿಕೊಂಡಿದ್ದವು.

"ಎಳೀತಾ ಯಾಕೆ ಕೂತೆ? ಎತ್ತು," ಎಂದ ಭಾವ.

ಎದ್ದು ನಿಂತು ಎರಡೂ ಹಿಡಿಗಳಿಗೆ ಕೈ ಹಾಕಿದ. ಎತ್ತಬಹುದು ಎಂದು ಒಂದು ಕ್ಷಣ ಅನ್ನಿಸಿತು ಕೂಡ. ಕೈಗಳು ಆ ಹಗ್ಗವನ್ನು ಅಷ್ಟು ಚೆನ್ನಾಗಿ ಬಲ್ಲವು. ಭಾರ ತೋಳಿಗೆ ಬರುವ ಮೊದಲೇ ಭುಜ ತನ್ನ ಮಾತು ಹೇಳಿತು. ಬಲಗೈ ತಾನಾಗಿ ಬಿಚ್ಚಿಕೊಂಡಿತು.

"ಎತ್ತೋಕಾಗಲ್ಲ ಭಾವ," ಎಂದ. "ಭುಜ ಹೋಗಿದೆ."

ಗಿರಾಕಿಗಳು ಬೇರೆ ಕಡೆ ನೋಡಿದರು. ಭಾವ ಗಾಡಿಯಿಂದ ಕಟ್ಟೆಗೆ ಇಳಿದ.

"ಎಷ್ಟು ದಿನದಿಂದ ಹೀಗಾಗಿದೆ ನಿಮಗೆ?"

ಅಂಗಡಿಯ ನೆಲದ ಮೇಲೆ ನಿಂತು ಭಾವ ಅವನಿಗೆ ನೀವು ಅಂದದ್ದು ಅದೇ ಮೊದಲು. ಅದು ಮರ್ಯಾದೆಯೋ, ಕೆಲಸದಿಂದ ಬಿಡಿಸುವ ಮೊದಲ ಹೆಜ್ಜೆಯೋ ತೂಕದಣ್ಣನಿಗೆ ತಿಳಿಯಲಿಲ್ಲ.

"ಏಳು ತಿಂಗಳು."

"ನನ್ನ ತಂಗಿಗೆ ಗೊತ್ತಾ?"

"ಗೊತ್ತು. ನಾನೇ ಹೇಳಬೇಡ ಅಂದೆ."

"ಅಂದ್ರೆ ಇಬ್ಬರೂ ಸೇರಿ ನನ್ನ ಕಿವಿಗೆ ಹೂವಿಟ್ರಿ. ಮೊದಲೇ ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ಏನು ಮಾಡ್ತಿದ್ರಿ?"

ಭಾವ ಸುಳ್ಳು ಹೇಳುವ ಮನುಷ್ಯನಲ್ಲ. ಗಲ್ಲ ಕೆರೆದುಕೊಂಡ. "ಮನೆಗೆ ಕಳಿಸ್ತಿದ್ದೆ," ಎಂದ.

"ಅದಕ್ಕೇ ಹೇಳ್ಲಿಲ್ಲ." ನಾಲ್ಕು ದಿನದ ಸಿಟ್ಟು ಈಗ ಅವನ ಬಾಯಿಗೆ ಬಂದಿತ್ತು, ಬಂದ ಮೇಲೆ ನಿಲ್ಲಿಸುವುದು ಅವನಿಗೆ ಬೇಕಿರಲಿಲ್ಲ. "ಈ ಏಳು ತಿಂಗಳಲ್ಲಿ ಯಾವ ಮನೆಗಾದ್ರೂ ಬ್ಯಾಟರಿ ಹೋಗೋದು ತಡ ಆಗಿದೆಯಾ? ಒಂದಾದ್ರೂ ಮೂಲೆ ಒಡೆದು ವಾಪಸ್ ಬಂದಿದೆಯಾ? ಎತ್ತುತ್ತಿದ್ದಾಗ ತಿಂಗಳಿಗೆ ಒಂದೋ ಎರಡೋ ಒಡೀತಿದ್ವು. ಎಷ್ಟೇ ಬಲ ಇರ್ಲಿ, ಇಡೋವಾಗ ಕೊನೇ ನಾಲ್ಕು ಬೆರಳಿನಷ್ಟು ಬಿಟ್ಟೇ ಬಿಡ್ತೀವಿ. ಎಳೆದ್ರೆ ಬೀಳೋದೇ ಇಲ್ಲ."

ಭಾವ ಬ್ಯಾಟರಿಯನ್ನು ನೋಡಿದ. "ನಾನು ಕಂಪನಿಯವರು ಪ್ಲಾಸ್ಟಿಕ್ ಗಟ್ಟಿ ಮಾಡಿದ್ದಾರೆ ಅಂದ್ಕೊಂಡಿದ್ದೆ," ಎಂದ. "ನಾಲ್ಕು ಜನರ ಹತ್ತಿರ ಹೇಳ್ಕೊಂಡೂ ಬಂದಿದ್ದೀನಿ."

ಆ ಹೊತ್ತಿಗೆ ರಬ್ಬರ್ ಅಂಗಡಿಯಾಕೆ ಸ್ಕೂಟರ್ ನಿಲ್ಲಿಸಿ ಒಳಬಂದಳು. ಐವತ್ತರ ಆಸುಪಾಸಿನವಳು, ಸೊಂಟದಲ್ಲಿ ಅಳತೆ ಟೇಪು. ಬೈಸಿಕೊಂಡ ಸಿಟ್ಟು ಇನ್ನೂ ಮುಖದಲ್ಲಿತ್ತು. "ನಮ್ಮಲ್ಲಿ ಇದಕ್ಕೆ ಅಡಿಹಾಸು ಅಂತಲೇ ಹೇಳೋದು. ಎಂಟು ಕೇಳಿದ್ರು, ಎಂಟು ಕಳಿಸಿದ್ದೀನಿ. ಗಾಡಿಗೆ ಅಂತ ಒಂದು ಮಾತು ಅಂದಿದ್ರೆ ಸುರುಳಿ ಕತ್ತರಿಸ್ತಿದ್ದೆ," ಎಂದು ಯಾರನ್ನೂ ನೋಡದೆ ಹೇಳಿ, ಗಾಡಿಯ ಹಿಂಬಾಗಿಲಿಗೆ ಬಂದು ಒಳಗಿದ್ದ ಬ್ಯಾಟರಿಯನ್ನು ಕಂಡಳು. "ಬ್ಯಾಟರಿಯಾ? ಎತ್ತೋದಾ, ಎಳೆಯೋದಾ?"

ನಾಲ್ಕು ದಿನದ ಅಲೆದಾಟದಲ್ಲಿ ಎಲ್ಲರೂ ಲೋಡ್ ಏನು ಎಂದು ಕೇಳಿದ್ದರು. ಇದನ್ನು ಕೇಳಿದವಳು ಇವಳೊಬ್ಬಳೇ.

ಭಾವ ಬಾಯಿ ತೆರೆಯುವ ಮೊದಲೇ "ಎಳೆಯೋದು" ಎಂದ ತೂಕದಣ್ಣ.

"ಹಾಗಂತ ಹೇಳ್ಬಾರದಾ? ಎಳೆಯೋರಿಗೆ ಬರೀ ರಬ್ಬರ್ ಹಾಕಿದ್ರೆ ಪಾಪ, ಸೊಂಟ ಮುರಿಯುತ್ತೆ. ನೆಲಕ್ಕೆಲ್ಲ ರಬ್ಬರ್, ಆಸಿಡ್ಡಿಗೆ. ಅದರ ಮೇಲೆ ಉದ್ದಕ್ಕೆ ಎರಡು ನುಣುಪು ಪ್ಲಾಸ್ಟಿಕ್ ಜಾಡು. ಅಂಚು ಎರಡಿಂಚು ಎದ್ದಿರುತ್ತೆ, ಬ್ಯಾಟರಿ ಪಕ್ಕಕ್ಕೆ ಹೋಗಲ್ಲ. ಹಿಂದೆ ಮುಂದೆ ಹೋಗದ ಹಾಗೆ ಅಡ್ಡಪಟ್ಟಿ, ಬೇಕಾದಾಗ ಕಿತ್ತು ಎಳ್ಕೊಳ್ಳೋದು." ಟೇಪು ತೆಗೆದು ಬ್ಯಾಟರಿಯ ಉದ್ದ ನೋಡಿದಳು. "ಒಂದು ಜಾಡಿಗೆ ನಾಲ್ಕು. ಒಟ್ಟು ಎಂಟು ಕೂರುತ್ತೆ."

"ಹತ್ತು ಹೋಗ್ತಿತ್ತು," ಎಂದ ಭಾವ.

"ಹತ್ತು ಎತ್ತೋರಿಗೆ."

ಭಾವ ಕಟ್ಟೆಯ ಅಂಚನ್ನು ಪಾದದಿಂದ ಉಜ್ಜುತ್ತಾ ನಿಂತ. ಲೆಕ್ಕ ಹಾಕುವಾಗ ಅವನು ಹಾಗೆ ಮಾಡುತ್ತಿದ್ದ. ಎಂಟು, ಒಡೆಯದೆ. ಹತ್ತು, ಯಾರಾದರೂ ಎತ್ತಿದರೆ. "ಎಷ್ಟು ದಿನ ಬೇಕು?" ಎಂದು ಆಕೆಯನ್ನು ಕೇಳಿದ.

"ಹತ್ತು ದಿನ."

"ಹತ್ತು ದಿನ ಗಾಡಿ ಸುಮ್ನೆ ನಿಲ್ಲಬೇಕಾ? ಐದು ದಿನದಲ್ಲಿ ಕೊಡಿ." ಆಮೇಲೆ ತೂಕದಣ್ಣನ ಕಡೆ ತಿರುಗಿದ. "ನೀನು ಸಾಯಂಕಾಲ ಡಾಕ್ಟರ ಚೀಟಿ ತಂದು ತೋರ್ಸು. ತಂಗಿ ಹತ್ತಿರ ನಾನು ಮಾತಾಡಲ್ಲ, ಹೇಳಿರು ಅವಳಿಗೆ." ಮತ್ತೆ ನೀನು. ಕೆಲಸ ಉಳಿಯಿತೆಂದು ತೂಕದಣ್ಣನಿಗೆ ಅರ್ಥವಾಯಿತು. ಸಂತೋಷ ಅನ್ನುವಂಥದ್ದೇನೂ ಆಗಲಿಲ್ಲ. ಇಷ್ಟು ಸಣ್ಣ ಮಾತಿಗೆ ಏಳು ತಿಂಗಳು ಹಲಗೆಗೆ ಮೇಣ ಉಜ್ಜಿದೆನಲ್ಲ ಎಂದು ತನ್ನ ಮೇಲೆಯೇ ರೇಗಿತು.

"ಇಲ್ಲಿ ಬನ್ನಿ ನೀವು," ಎಂದು ಆಕೆ ಗಾಡಿಯನ್ನು ಕಟ್ಟೆಯಿಂದ ಒಂದು ಮಾರು ಮುಂದೆ ತೆಗೆಸಿ, ಅವನನ್ನು ಕೆಳಗೆ ಹಿಂಬಾಗಿಲ ಮುಂದೆ ನಿಲ್ಲಿಸಿದಳು. "ಅಡ್ಡಪಟ್ಟಿ ಇಲ್ಲಿಂದ ಕೈಗೆ ಸಿಗಬೇಕು. ಕೈ ಚಾಚಿ."

ಎಡಗೈ ಚಾಚಿದ. ಟೇಪು ಇಟ್ಟಳು. "ಮೂವತ್ತಿಂಚು. ಇನ್ನೊಂದು?"

ಬಲಗೈಯನ್ನು ಗಾಡಿಯ ನೆಲದ ಮಟ್ಟಕ್ಕೆ ತಂದು ಒಳಗೆ ಸರಿಸಿದ. ಸಲೀಸಾಗಿ ಹೋಯಿತು, ಆಮೇಲೆ ತಡೆಯಿತು. ಭಾವ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಗಿರಾಕಿಗಳೂ ನೋಡುತ್ತಿದ್ದರು. ಇನ್ನೂ ಎರಡಿಂಚು ತಳ್ಳಬಹುದೇನೋ, ಹಲ್ಲು ಕಚ್ಚಿದರೆ. ಅವನು ತಳ್ಳಲಿಲ್ಲ.

"ಇಷ್ಟೇನಾ?" ಎಂದಳು ಆಕೆ.

"ಇಷ್ಟೇ."

"ಹತ್ತೊಂಬತ್ತು. ಯಾವ ಕೈದು ಬರ್ಕೊಳ್ಳಲಿ?"

"ಬಲಗೈದೇ ಬರ್ಕೊಳ್ಳಿ," ಎಂದ ತೂಕದಣ್ಣ.